ನದಿಯನ್ನು ದಾಟದೆ

ದೊಡ್ಡಪ್ಪ: ನೀನು ನರ್ಮದಾ ಪರಿಕ್ರಮವನ್ನು ಸೈಕಲ್ಲಿನ ಮೇಲೆ, ಅದೂ ಜೊತೆಗೊಬ್ಬರಿಲ್ಲದೆ, ಮುಗಿಸಿ ಬಂದೆಯೆಂದು ನಿನ್ನ ಅಪ್ಪ ಹೇಳಿದಾಗ ನನಗೆ ಸಂತೋಷವಾದದ್ದು ನಿಜ, ಆ ಸಂತೋಷದ ಬೆನ್ನಿಗೇ ಒಂದು ಸಂದೇಹ ಹುಟ್ಟಿದ್ದೂ ಅಷ್ಟೇ ನಿಜ. ಪ್ರದಕ್ಷಿಣೆಯೆಂಬುದು ಕಾಲಿನಿಂದ ಆಗತಕ್ಕ ಪೂಜೆ. ಗರ್ಭಗುಡಿಯ ಸುತ್ತ ನಾವು ಹೆಜ್ಜೆಗೆ ಹೆಜ್ಜೆ ಕೂಡಿಸಿ ಮೆಲ್ಲನೆ ಬರುತ್ತೇವೆಯಲ್ಲದೆ ಓಡುವುದಿಲ್ಲ. ಉರುಳುಸೇವೆ ಮಾಡುವವರಂತೂ ಮೈಯೆಲ್ಲವನ್ನೂ ನೆಲಕ್ಕೆ ಮುಟ್ಟಿಸಿಯೇ ಮುಂದೆ ಸಾಗುತ್ತಾರೆ. ಅಮರಕಂಟಕದಿಂದ ಖಂಬಾತದ ಕೊಲ್ಲಿಯವರೆಗೆ 1312 ಕಿ.ಮೀ. ಹರಿಯುವ ನದಿಯನ್ನು ಒಂದು ದಡದಲ್ಲಿ ಹೋಗಿ ಮತ್ತೊಂದು ದಡದಲ್ಲಿ ಮರಳುತ್ತ ಸುತ್ತುವವರಿಗೆ ಹಿಂದಿನವರು 3 ವರ್ಷ 3 ತಿಂಗಳು 13 ದಿನಗಳ ಅವಧಿಯನ್ನು ಇಟ್ಟುದು ದಾರಿ ಅಷ್ಟು ದೂರವೆಂದಲ್ಲ. ಅಷ್ಟು ಕಾಲ ನದಿಯ ಬಳಿಯಲ್ಲಿ ಇರಬೇಕೆಂದು. ಚಕ್ರದ ಮೇಲೆ ಕುಳಿತು ಆ ಕಾಲವನ್ನೇ ಕಡಿದುಹಾಕಿದ ಮೇಲೆ ಉಳಿಯುವುದು ಪರಿಕ್ರಮವೋ ಪ್ರವಾಸವೋ ಎಂಬುದು ನನ್ನ ಸಂದೇಹ.

ಮಗಳು: ಸೈಕಲ್ಲನ್ನು ನಡೆಸುವುದೂ ಕಾಲೇ ಅಲ್ಲವೇ ಎಂದು ವಾದಿಸಬಹುದಾಗಿತ್ತು, ದೊಡ್ಡಪ್ಪ, ಆದರೆ ಅದು ಮಾತಿಗೆ ಮಾತು ಕೊಟ್ಟಂತಾದೀತೇ ಹೊರತು ನಿಮ್ಮ ಸಂದೇಹಕ್ಕೆ ಸಮಾಧಾನವಾಗಲಾರದು. ನಡೆದವರಿಗೆ ದಕ್ಕುವುದೆಲ್ಲ ನನಗೆ ದಕ್ಕಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೇಳಬಯಸುವುದು ಬೇರೆ. ಪರಿಕ್ರಮಕ್ಕೆ ಹೊರಡುವವರು ಸಂಕಲ್ಪಕಾಲದಲ್ಲಿ ಒಪ್ಪಿಕೊಳ್ಳುವ ನಿಯಮಗಳು ಯಾವುವು? ನದಿ ಸದಾ ಬಲಗಡೆಗಿರಬೇಕು. ಒಮ್ಮೆಯಾದರೂ ಅದನ್ನು ದಾಟಕೂಡದು. ಅದರ ನೀರನ್ನು ಕುಪ್ಪಿಯಲ್ಲಿ ತುಂಬಿ ಜೊತೆಗೊಯ್ಯುತ್ತ ಎರಡು ಹೊತ್ತೂ ಆರತಿಯೆತ್ತಬೇಕು. ಅನ್ನವನ್ನು ಬೇಡಬಾರದು, ಕೊಟ್ಟರೆ ಒಲ್ಲೆನೆನ್ನಬಾರದು, ನಾಳೆಗೆಂದು ಕೂಡಿಡಬಾರದು. ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲಬೇಕು. ಇವೆಲ್ಲವೂ ಯಾತ್ರಿಕನ ಇಚ್ಛೆಗೆ ಹಾಕಿದ ಕಟ್ಟುಗಳು; ಇವುಗಳಲ್ಲಿ ಚಕ್ರಕ್ಕೆ ವಿರೋಧವಾದುದು ಯಾವುದೂ ನನಗೆ ಕಾಣಲಿಲ್ಲ.

ದೊಡ್ಡಪ್ಪ: ಯಾರೂ ಬಾಯಿಬಿಟ್ಟು ಹೇಳದ ನಿಯಮವೊಂದು ಉಳಿಯಿತು; ಅದು ದಡ. ನಾನು ಹೋದಾಗ ಬರಗಿಯ ಅಣೆಕಟ್ಟು ಇನ್ನೂ ತುಂಬಿರಲಿಲ್ಲ. ಬೆಳಗಿನ ಜಾವದಲ್ಲಿ ಎದ್ದು ಮಿಂದು ಹೊರಟರೆ ಮರಳಿನ ಮೇಲೆ, ಮರಳು ಮುಗಿದಲ್ಲಿ ಕಡಲೆಯ ಹೊಲದ ಬದುವಿನ ಮೇಲೆ, ಬದು ಕುಸಿದಲ್ಲಿ ಕೊರಕಲಿನಲ್ಲಿ ಇಳಿದು ಹತ್ತಿ, ನೀರಿನ ಸದ್ದನ್ನು ಬಲಗಿವಿಯಿಂದ ಕಳೆದುಕೊಳ್ಳದೆ ನಡೆಯುತ್ತಿದ್ದೆ. ಒಂದು ಘಾಟಿನಲ್ಲಿ ಬಟ್ಟೆ ಒಗೆಯುವವರು ಮುಂದಿನ ಘಾಟಿನವರಿಗೆ ನನ್ನ ಬರವನ್ನು ಕೂಗಿ ಹೇಳುತ್ತಿದ್ದರು. ಜಬಲಪುರದ ಅಮೃತಲಾಲ ವೇಗಡರು ಶಾಂತಿನಿಕೇತನದಲ್ಲಿ ನಂದಲಾಲ ಬೋಸರಿಂದ ಚಿತ್ರವಿದ್ಯೆ ಕಲಿತು ಬಂದು, 1977ರಲ್ಲಿ, ಐವತ್ತರ ಅಂಚಿನಲ್ಲಿ ನರ್ಮದೆಯ ದಡ ಹಿಡಿದು ಹೊರಟವರು. ಖಂಡ ಖಂಡವಾಗಿ ನಡೆದು, ನಡೆದುದನ್ನು ಚಿತ್ರಿಸಿ, ಬರೆದು, ಇಡೀ ದೇಶದ ಓದುಗರಿಗೆ ಆ ನದಿಯ ಚೆಲುವನ್ನು ಕಾಣಿಸಿದರು. ಮರಳಿನ ಮೇಲೆ ಕೂತು ಕಂಡದ್ದನ್ನು ಗೀಚಿಕೊಳ್ಳುವ ಬಿಡುವಿದ್ದುದರಿಂದಲೇ ಅದು ಸಾಧ್ಯವಾಯಿತು. ನಿನ್ನ ಸೈಕಲ್ಲು ಮರಳಿನಲ್ಲಿ ಹೋಗಲಾರದು. ರಸ್ತೆಯೋ ಊರಿಂದೂರಿಗೆ ಹೋಗುತ್ತದೆ, ನದಿಯ ಬಾಗುಬಳುಕನ್ನು ಅದು ಅರಿಯದು. ಹೇಳು, ನೀನು ನದಿಯನ್ನು ಎಷ್ಟು ಕಂಡೆ?

ಮಗಳು: ಕೆಲವೆಡೆ ದಿನವೆಲ್ಲ ಕಂಡೆ, ಕೆಲವೆಡೆ ದಿನಗಟ್ಟಲೆ ಕಾಣಲಿಲ್ಲ. ಬಡವಾನಿಯನ್ನು ಬಿಟ್ಟಮೇಲೆ ರಸ್ತೆ ದಕ್ಷಿಣಕ್ಕೆ ಸರಿದು ಖೇತಿಯಾ, ಶಹಾದೆ, ಪ್ರಕಾಶೆಗಳ ಮೇಲೆ ಮಹಾರಾಷ್ಟ್ರದ ಮೂಲೆಯನ್ನು ಹಾದು, ತಳೋದೆ, ಸಾಗಬಾರಾ, ಡೇಡಿಯಾಪಾಡಾ ಎಂದು ಗುಜರಾತಿನ ಕಾಡನ್ನು ಹೊಕ್ಕು, ರಾಜಪೀಪಳಾದ ಹೊತ್ತಿಗೆ ಮತ್ತೆ ನರ್ಮದೆಯ ಕಡೆಗೆ ಹೊರಳುತ್ತದೆ. ಪ್ರಕಾಶೆಯಲ್ಲಿ ಎದುರಾಗುವ ನದಿ ತಾಪಿ. ಸಾತಪುಡಾ ಬೆಟ್ಟಸಾಲು ನಡುವೆ ನಿಂತಿರುವಾಗ ನರ್ಮದೆ ಬಲಗಡೆಗೆ ಇದೆಯೆಂಬುದು ಆ ದಿನಗಳಲ್ಲಿ ಕೇವಲ ತಿಳಿವಳಿಕೆಯಾಗಿತ್ತು. ಕಣ್ಣಿಗೆ ಕಾಣುತ್ತಿದ್ದುದು ಹ್ಯಾಂಡಲಿಗೆ ಬಟ್ಟೆ ಸುತ್ತಿ ಕಟ್ಟಿದ್ದ ಕುಪ್ಪಿಯೊಂದೇ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗಲೆಲ್ಲ ಅದರೊಳಗಿನ ನೀರು ಮುಂದಕ್ಕೆ ತುಳುಕಿ ಗಾಜಿಗೆ ಬಡಿಯುತ್ತಿತ್ತು. ಸಂಜೆ ಅದನ್ನು ಬಿಚ್ಚಿ, ಧೂಳೊರೆಸಿ, ತಟ್ಟೆಯ ಮೇಲಿಟ್ಟು ಬತ್ತಿ ಹಚ್ಚುವಾಗ ಆಶ್ರಮದವರೂ ಬಂದು ಸುತ್ತ ನಿಲ್ಲುತ್ತಿದ್ದರು. ದಡವಿಲ್ಲದ ದಾರಿಯಲ್ಲಿ ಕುಪ್ಪಿಯ ನಿಯಮ ಏಕೆ ಇದೆಯೆಂಬುದು ಅಲ್ಲಿ ನನಗೆ ತಿಳಿಯಿತು.

ದೊಡ್ಡಪ್ಪ: ನೀನು ಬಳಸಿಹೋದ ಆ ಭಾಗವೇ ಶೂಲಪಾಣಿಯ ಝಾಡಿಯೆಂಬ ಕಾಡು. ನಾನು ಅದರೊಳಗೇ ನಡೆದೆ. ಝಾಡಿಯಲ್ಲಿ ಭಿಲ್ಲರು ಪರಿಕ್ರಮದವರ ಸರ್ವಸ್ವವನ್ನೂ ತೆಗೆದುಕೊಳ್ಳುವರೆಂಬುದು ಆಗ ಪ್ರತಿಯೊಬ್ಬ ಯಾತ್ರಿಕನೂ ಬಲ್ಲ ಸಂಗತಿ, ಬಲ್ಲವರಾಗಿಯೂ ಹೋಗುತ್ತಿದ್ದರು. ನನ್ನಿಂದಲೂ ಕಂಬಳಿ, ತಾಮ್ರದ ಚೊಂಬು, ಕಡೆಗೆ ಮೇಲುಹೊದಿಕೆಯೂ ಹೋದವು. ಕುಪ್ಪಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ನನಗೆ ಅವರ ಮೇಲೆ ಅಂದೂ ಮುನಿಸಿರಲಿಲ್ಲ, ಇಂದೂ ಇಲ್ಲ. ತಲೆತಲಾಂತರದಿಂದ ತಮ್ಮದಾಗಿದ್ದ ಕಾಡನ್ನು ಸರಕಾರದ ಕಾಡೆಂದು ಕಳೆದುಕೊಂಡು, ಕಲ್ಲುಗುಡ್ಡದ ಮೇಲೆ ಮೆಕ್ಕೆಜೋಳ ಬೆಳೆದು ಅರೆಹೊಟ್ಟೆಯಲ್ಲಿ ಬದುಕುತ್ತಿದ್ದ ಜನ ಅವರು. ಮರುದಿನ ಅವರದೇ ಒಂದು ಹಾಡಿಯಲ್ಲಿ ಮುದುಕಿಯೊಬ್ಬಳು ಮೆಕ್ಕೆಜೋಳದ ರೊಟ್ಟಿಯ ಮೇಲೆ ಹಸಿಮೆಣಸಿನ ಚಟ್ನಿ ಇಟ್ಟು ಕೊಟ್ಟಳು. ಮೈಮೇಲೆ ಏನೂ ಉಳಿಯದಿದ್ದಾಗ ಉಂಡ ಆ ರೊಟ್ಟಿಯ ರುಚಿ ಬೇರೆ. ಅದು ನಿನಗೆ ಸಿಕ್ಕಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ಮಗಳು: ಅದು ಈಗ ನಡೆಯುವವರಿಗೂ ನಿಮ್ಮಂತೆ ಸಿಕ್ಕಲಾರದು, ದೊಡ್ಡಪ್ಪ. ನೀವು ನಡೆದ ಕಣಿವೆಯ ಬಹುಭಾಗ ಸರದಾರ ಸರೋವರದ ಅಡಿಯಲ್ಲಿದೆ. 1961ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಆ ಅಣೆಕಟ್ಟು ಮೊಕದ್ದಮೆ, ಚಳವಳಿ, ನ್ಯಾಯಾಧಿಕರಣಗಳನ್ನೆಲ್ಲ ಹಾದು 138.68 ಮೀಟರಿನ ಪೂರ್ಣ ಎತ್ತರಕ್ಕೆ ಏರಿ 2017ರಲ್ಲಿ ಲೋಕಾರ್ಪಣೆಯಾಯಿತು. ಮೂರು ರಾಜ್ಯಗಳ ಇನ್ನೂರಕ್ಕೂ ಹೆಚ್ಚು ಹಳ್ಳಿಗಳು ಅದರ ಮುಳುಗಡೆಗೆ ಸಿಕ್ಕವು. ಶೂಲಪಾಣೇಶ್ವರನ ಹಳೆಯ ಗುಡಿಯೂ ಮುಳುಗಿತು. ಗೋರಾದ ಬಳಿ ಹೊಸದನ್ನು ಕಟ್ಟಿದ್ದಾರೆ. ಬಡವಾನಿಯ ರಾಜಘಾಟಿನಲ್ಲಿ ಗಾಂಧೀಜಿ, ಕಸ್ತೂರಬಾ, ಮಹಾದೇವ ದೇಸಾಯಿಯವರ ಚಿತಾಭಸ್ಮವಿದ್ದ ಸ್ಮಾರಕವನ್ನು ಅದೇ ವರ್ಷ ಕಿತ್ತು ಎತ್ತರಕ್ಕೆ ಒಯ್ದರು. ನದಿಯಲ್ಲಿ ಮೇಲೆ ಹೋದರೆ ಇಂದಿರಾಸಾಗರದ ಅಣೆಕಟ್ಟು. ಹರಸೂದೆಂಬ ಇಡೀ ಪಟ್ಟಣವನ್ನು 2004ರಲ್ಲಿ ಜನ ತಮ್ಮ ಕೈಯಿಂದಲೇ ಕೆಡವಿ, ಬಾಗಿಲು ಕಿಟಕಿಗಳನ್ನು ಲಾರಿಗೆ ಹೇರಿಕೊಂಡು ಬಿಟ್ಟುಹೋದರು. ಇನ್ನೂ ಮೇಲೆ ಬರಗಿ. ಆದುದರಿಂದ ನಡೆಯುವವರೂ ಈಗ ಎಷ್ಟೋ ಕಡೆ ಜಲಾಶಯದ ಅಂಚನ್ನು ಬಳಸಿ ಡಾಂಬರು ರಸ್ತೆಯನ್ನೇ ಹಿಡಿಯುತ್ತಾರೆ. ಕಾಲುದಾರಿಯವರನ್ನೂ ಚಕ್ರದವರನ್ನೂ ನೀರು ಒಂದೇ ರಸ್ತೆಗೆ ತಂದು ನಿಲ್ಲಿಸಿದೆ.

ದೊಡ್ಡಪ್ಪ: ಹರಸೂದಿನಲ್ಲಿ ನಾನು ಉಳಿದಿದ್ದೆ. ಅದು ಹೋಯಿತೆಂದು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದಿರಲಿ, ರಸ್ತೆಯ ಮಾತೆತ್ತಿದೆಯಲ್ಲ, ಆ ರಸ್ತೆ ನಿನಗೆ ಕೊಟ್ಟದ್ದಾದರೂ ಏನು?

ಮಗಳು: ಸೇತುವೆಗಳನ್ನು ಕೊಟ್ಟಿತು. ಇದನ್ನು ತುಸು ಬಿಡಿಸಿ ಹೇಳಬೇಕು. ದಡದ ಮೇಲೆ ನಡೆಯುವವರಿಗೆ ಸೇತುವೆಯೆಂಬುದು ತಲೆಯ ಮೇಲೆ ಹಾದುಹೋಗುವ ವಸ್ತು. ಕಂಬಗಳ ನಡುವೆ ನುಸುಳಿ ಅವರು ಮುಂದೆ ಹೋಗಿಬಿಡುತ್ತಾರೆ. ರಸ್ತೆ ಹಿಡಿದವಳನ್ನು ರಸ್ತೆಯೇ ಕರೆದುಕೊಂಡು ಹೋಗಿ ಸೇತುವೆಯ ಬಾಯಿಗೆ ನಿಲ್ಲಿಸುತ್ತದೆ. ಲಾರಿ, ಬಸ್ಸು, ಶಾಲೆಯ ಮಕ್ಕಳು ಎಲ್ಲರೂ ನೇರವಾಗಿ ದಾಟುತ್ತಿರುವಾಗ ಆಕೆಯೊಬ್ಬಳು ಹ್ಯಾಂಡಲನ್ನು ತಿರುಗಿಸಿ ಅಡ್ಡದಾರಿಗೆ ಇಳಿಯಬೇಕು. ಅಂಕಲೇಶ್ವರದ ಕಡೆಯಿಂದ ನೋಡಿದರೆ 1881ರಲ್ಲಿ ಕಟ್ಟಿದ ಹಳೆಯ ಗೋಲ್ಡನ್ ಬ್ರಿಜ್ಜು, ಅದರ ಬಳಿಯ ಹೊಸ ಸೇತುವೆಗಳು, ಆಚೆ ದಡದಲ್ಲಿ ಭರೂಚಿನ ಮನೆಗಳು. ದಾಟಿದರೆ ಕೆಲವೇ ನಿಮಿಷ. ನಾನು ಮಾತ್ರ ಅದಕ್ಕೆ ಬೆನ್ನು ತಿರುಗಿಸಿ, ಹಾಂಸೋಟಿನ ಮೇಲೆ ವಿಮಲೇಶ್ವರದವರೆಗೆ ಹೋಗಿ, ಅಲ್ಲಿ ಭರತಕ್ಕಾಗಿ ಕಾದು, ಸೈಕಲ್ಲನ್ನು ದೋಣಿಗೇರಿಸಿ, ನದಿ ಕಡಲಾದ ಮೇಲೆ ಕಡಲಿನ ಮೇಲಿಂದ ಮೀಠಿ ತಲಾಯಿಗೆ ಹೋಗಿ ಇಳಿದು, ಆಮೇಲೆ ಭರೂಚನ್ನು ಸೇರಿದೆ. ಹಿಂದೆ ದಾಟದಿರುವುದು ಕಷ್ಟವಾಗಿರಲಿಲ್ಲ, ದಾಟುವುದೇ ಕಷ್ಟವಾಗಿತ್ತು. ಈಗ ದಾಟುವುದು ಅತ್ಯಂತ ಸುಲಭವಾಗಿರುವುದರಿಂದಲೇ ದಾಟದಿರುವುದು ವ್ರತವಾಗಿದೆ. ಆ ವ್ರತವನ್ನು ದಿನಕ್ಕೊಮ್ಮೆಯಾದರೂ ಎಚ್ಚರದಿಂದ ಆಚರಿಸುವ ಪ್ರಸಂಗ ನಡೆಯುವವರಿಗಿಂತ ಸೈಕಲ್ಲಿನವರಿಗೇ ಹೆಚ್ಚು ಬರುತ್ತದೆಂಬುದು ನಾನು ಕಂಡುಕೊಂಡ ಸಂಗತಿ.

ದೊಡ್ಡಪ್ಪ: ಇದು ನಾನು ಯೋಚಿಸಿರದ ಮಾತು. ನಮ್ಮ ಶಾಲೆಯ ಚರಿತ್ರೆಯಲ್ಲಿ ಆ ನದಿ ಮೊದಲು ಬಂದದ್ದೇ ಒಂದು ಎಲ್ಲೆಯಾಗಿ. ಉತ್ತರಾಪಥವನ್ನೆಲ್ಲ ಗೆದ್ದ ಹರ್ಷನನ್ನು ಇಮ್ಮಡಿ ಪುಲಕೇಶಿ ಅದರ ದಡದಲ್ಲಿ ತಡೆದನೆಂದು ಓದಿ, ಐಹೊಳೆಯ ಮೇಗುತಿಯಲ್ಲಿ 634ರ ಆ ಶಾಸನದ ಮುಂದೆ ನಿಂತು ಹೆಮ್ಮೆಪಟ್ಟವರು ನಾವು. ಒಬ್ಬ ಚಕ್ರವರ್ತಿ ಸೈನ್ಯಸಮೇತನಾಗಿ ಬಂದು ದಾಟಲಾರದೆ ಹೋದ ನದಿಯನ್ನು ದಾಟಬಲ್ಲವರು ದಾಟದೆ ಸುತ್ತಿಬರುವುದನ್ನೇ ನಮ್ಮ ಜನ ಪುಣ್ಯವೆಂದು ಎಣಿಸಿದರು. ಆದರೂ ಕೇಳುತ್ತೇನೆ, ಸೇತುವೆಯ ಬಾಯಲ್ಲಿ ನಿನಗೆ ಎಂದೂ ಮನಸ್ಸು ಚಂಚಲವಾಗಲಿಲ್ಲವೇ?

ಮಗಳು: ನೇಮಾವರದಲ್ಲಿ ಆಯಿತು. ಸಿದ್ಧನಾಥನ ಗುಡಿಯಿರುವ ಆ ಊರು ಉತ್ತರದ ದಡದಲ್ಲಿದೆ. ನಟ್ಟನಡುವಿನ ಆ ಎಡೆಯನ್ನು ನದಿಯ ನಾಭಿಯೆನ್ನುತ್ತಾರೆ. ಎದುರು ದಡದಲ್ಲಿ ಹಂಡಿಯಾ. ನಡುವೆ ಸೇತುವೆ. ನಿಯಮದಂತೆ ಹಂಡಿಯಾಕ್ಕೆ ಹೋಗಬೇಕಾದರೆ ಅಮರಕಂಟಕದವರೆಗೆ ಏರಿ, ನದಿಯ ಹುಟ್ಟನ್ನು ಬಳಸಿ, ಆಚೆ ದಡದಲ್ಲಿ ಇಳಿದುಬರಬೇಕು. ಹೆಚ್ಚುಕಡಿಮೆ 1300 ಕಿ.ಮೀ. ನೇಮಾವರಕ್ಕೆ ಬರುವ ಹೊತ್ತಿಗೆ ಹಿಂದಿನ ಟಯರು ಒಡೆದ ಡಾಂಬರಿನ ಅಂಚಿಗೆ ಸಿಕ್ಕಿ ಪಕ್ಕೆಯಲ್ಲಿ ಸೀಳಿತ್ತು. ಸೀಳಿನೊಳಗಿಂದ ಟ್ಯೂಬು ಗುಳ್ಳೆಯಂತೆ ಹೊರಗೆ ಉಬ್ಬಿತ್ತು. ಪಂಕ್ಚರ್ ಅಂಗಡಿಯವನು ಹಳೆಯ ಟಯರಿನ ತುಂಡೊಂದನ್ನು ಕತ್ತರಿಸಿ ಒಳಗೆ ಕೊಟ್ಟು ಗಾಳಿ ತುಂಬಿ, ಇದು ಹೆಚ್ಚು ದೂರ ಬಾರದು, ಈ ಅಳತೆಯದು ಇಲ್ಲಿ ಸಿಕ್ಕುವುದಿಲ್ಲ, ಸೇತುವೆ ದಾಟಿ ಹರದಾಕ್ಕೆ ಹೋದರೆ ಸಿಕ್ಕೀತು, ಬಸ್ಸು ಈಗಲೇ ಇದೆ ಎಂದ. ನಾನು ಸುಮ್ಮನೆ ನಿಂತೆ. ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ತಲೆಯೆತ್ತಿದವನು ಹ್ಯಾಂಡಲಿನ ಕುಪ್ಪಿಯನ್ನು ಕಂಡ. “ನೀವು ದಾಟಬಾರದು ಮಾತಾಜಿ, ನನಗೇನು ಅಡ್ಡಿ?” ಎಂದವನೇ ಅಂಗಡಿಗೆ ಗೋಣಿಯ ಪರದೆ ಇಳಿಬಿಟ್ಟು, ಮೋಟಾರ್ ಸೈಕಲ್ಲು ಹತ್ತಿ ಸೇತುವೆಯ ಮೇಲೆ ಹೋದ. ದೀಪ ಹಚ್ಚುವ ಹೊತ್ತಿಗೆ ಹೊಸ ಟಯರನ್ನು ಹೆಗಲಿಗೆ ಹಾಕಿಕೊಂಡು ಬಂದ. ಟಯರಿನ ಬೆಲೆಯನ್ನು ರಸೀದಿ ತೋರಿಸಿ ತೆಗೆದುಕೊಂಡ. ಪೆಟ್ರೋಲಿನದೂ ದುಡಿಮೆಯದೂ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ನನ್ನ ವ್ರತ ಉಳಿದದ್ದು ಅಂದು ನನ್ನಿಂದಲ್ಲ, ಅವನಿಂದ.

ದೊಡ್ಡಪ್ಪ: ವ್ರತಗಳು ಉಳಿಯುವುದೇ ಹಾಗೆ. ಆದರೆ ನಿನ್ನ ಕಾಲದ ಇನ್ನೊಂದು ತೊಡಕಿದೆ. ನೀನು ಬಡವಾನಿಯ ಕಡೆಗೆ ಹೋಗುವಾಗ ನೀಮಾಡದ ಬಯಲಿನಲ್ಲಿ ಇಂದಿರಾಸಾಗರದ ಕಾಲುವೆಗಳನ್ನು ಮತ್ತೆ ಮತ್ತೆ ದಾಟಿರಬೇಕು. ಗುಜರಾತಿನಲ್ಲಿ 458 ಕಿ.ಮೀ. ಉದ್ದದ ಮುಖ್ಯ ಕಾಲುವೆಯನ್ನೂ ದಾಟಿರಬೇಕು. ಅದರಲ್ಲಿ ಹರಿಯುವುದು ನರ್ಮದೆಯೇ ಅಲ್ಲವೇ? ಹಾಗಾದರೆ ನೀನು ನರ್ಮದೆಯನ್ನು ದಾಟಿದಂತಾಗಲಿಲ್ಲವೇ?

ಮಗಳು: ಈ ಪ್ರಶ್ನೆಯನ್ನು ಆಶ್ರಮಗಳಲ್ಲಿ ನಿತ್ಯ ಕೇಳುತ್ತಾರೆ, ಉತ್ತರಗಳೂ ಹಲವು. ಗರುಡೇಶ್ವರದಲ್ಲಿ, ಟೇಂಬೆ ಸ್ವಾಮಿಗಳೆಂದು ನಮ್ಮ ಗಾಣಗಾಪುರದ ಭಕ್ತರೂ ಬಲ್ಲ ವಾಸುದೇವಾನಂದ ಸರಸ್ವತಿಗಳ ಸಮಾಧಿಯ ಎದುರಿಗೆ ಕುಳಿತಿದ್ದ ವೃದ್ಧ ಸಾಧುವೊಬ್ಬರನ್ನು ಕೇಳಿದೆ. ನದಿ ತಾನಾಗಿ ಹರಿಯುವ ದಾರಿಯನ್ನು ದಾಟಬೇಡ, ಮನುಷ್ಯ ಒಯ್ದ ನೀರಿಗೆ ಕೈಮುಗಿದು ದಾಟು ಎಂದರು. ಇಂದೂರಿನ ಮನೆಮನೆಯ ನಲ್ಲಿಯಲ್ಲಿ ಬರುವುದು ನರ್ಮದೆಯ ನೀರೇ. ಅದನ್ನು ಎಣಿಸಹೊರಟರೆ ಪರಿಕ್ರಮಕ್ಕೆ ಕೊನೆಯೇ ಇಲ್ಲ. ನಾನು ಸಾಧುಗಳ ಮಾತಿನಂತೆ ನಡೆದೆ. ಆದರೂ ನಿಜ ಹೇಳುತ್ತೇನೆ, ಬದಿಗೆಲ್ಲ ಸಿಮೆಂಟು ಮೆತ್ತಿದ ಆ ನೇರವಾದ ಕಾಲುವೆಗಳ ಮೇಲೆ ಹಾದುಹೋಗುವಾಗಲೆಲ್ಲ ಮನಸ್ಸು ಹಿಂಜರಿಯುತ್ತಿತ್ತು. ಕಾಲುವೆಯ ಎರಡು ಬದಿಗೂ ಗೋಧಿ, ಹತ್ತಿ ಹಸುರಾಗಿ ನಿಂತಿರುವುದನ್ನೂ ಕಂಡೆ. ನೀರು ಬಂದ ಹೊಲದವರ ಸಂತೋಷ ಸುಳ್ಳೆಂದು ನಾನು ಹೇಳಲಾರೆ.

ದೊಡ್ಡಪ್ಪ: ಅನ್ನದ ಮಾತು ಹೇಳು. ನನ್ನ ಕಾಲದಲ್ಲಿ ಆಶ್ರಮದಲ್ಲಿ ಸದಾವ್ರತ ಕೊಡುತ್ತಿದ್ದರು. ಒಬ್ಬನಿಗೆ ಒಂದು ಹೊತ್ತಿಗೆ ಆಗುವಷ್ಟು ಹಿಟ್ಟು, ಬೇಳೆ, ಉಪ್ಪು, ಒಣಮೆಣಸು. ಬೆರಣಿಯ ಕೆಂಡದ ಮೇಲೆ ದಪ್ಪ ಟಿಕ್ಕಡ ಸುಟ್ಟುಕೊಂಡು ತಿನ್ನುವುದು. ನನ್ನ ಬಳಿ ಬಿಡಿಗಾಸೂ ಇರಲಿಲ್ಲವಾದುದರಿಂದ ತೆಗೆದುಕೊಳ್ಳಲು ನಾಚಿಕೆಯಾಗಲಿಲ್ಲ. ನಿನ್ನ ಬಳಿ ಒಳ್ಳೆಯ ಸೈಕಲ್ಲಿತ್ತು, ಮೊಬೈಲಿನಲ್ಲಿ ಬ್ಯಾಂಕೇ ಇತ್ತು. ಹಣವುಳ್ಳವರು ಆ ಅನ್ನವನ್ನು ಉಣ್ಣಬಹುದೇ?

ಮಗಳು: ಇಡೀ ದಾರಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ. ಏರು, ಬಿಸಿಲು, ಮಳೆ ಬಂದ ಮರುದಿನ ಮಡ್‌ಗಾರ್ಡಿಗೂ ಟಯರಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದುನಿಲ್ಲಿಸುವ ಎರೆಮಣ್ಣು, ಇವೆಲ್ಲ ದೇಹದ ತೊಂದರೆಗಳು. ಒಂದು ರಾತ್ರಿ ಮಲಗಿದರೆ ಹೋದವು. ಅನ್ನದ ಪ್ರಶ್ನೆ ಹಾಗೆ ಹೋಗಲಿಲ್ಲ. ಬಡವಾನಿಯಿಂದ ಮುಂದೆ ರಸ್ತೆಯ ಬದಿಯಲ್ಲೊಂದು ಪುನರ್ವಸತಿಯ ಬಡಾವಣೆ ಇತ್ತು: ಅಳೆದು ಹಂಚಿದ ನಿವೇಶನಗಳು, ಗೋಡೆಗಳ ಮೇಲೆ ಅಂಕಿಗಳು, ಇನ್ನೂ ನೆರಳು ಕೊಡಲಾರದ ಗಿಡಗಳು. ರಸ್ತೆಯಂಚಿನಲ್ಲಿ ನಿಂತಿದ್ದ ನಡುವಯಸ್ಸಿನ ಹೆಂಗಸೊಬ್ಬರು “ನರ್ಮದೇ ಹರ್” ಎಂದು ಕೂಗಿ ಎರಡು ಕೈಯನ್ನೂ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿಯೇಬಿಟ್ಟರು. ಅವರ ಹಳೆಯ ಮನೆ ನದಿಯ ಘಾಟಿನ ಮೇಲೆಯೇ ಇತ್ತಂತೆ. ಪರಿಕ್ರಮದವರು ಹಗಲಿರುಳು ಬಾಗಿಲಿಗೆ ಬರುತ್ತಿದ್ದರಂತೆ. ಅತ್ತೆಯ ಕಾಲದಿಂದಲೂ ಯಾರಿಗಾದರೂ ಬಡಿಸದೆ ಮನೆಯವರು ಉಂಡದ್ದಿಲ್ಲವಂತೆ. ನದಿ ಮನೆಯನ್ನು ನುಂಗಿತು; ಹೊಸ ಮನೆ ನದಿಗೆ ದೂರವಾಯಿತು; ಕಾಲುದಾರಿಯವರು ಇತ್ತ ಬರುವುದಿಲ್ಲ. ಆದುದರಿಂದ ಅವರು ದಿನವೂ ಅಡುಗೆ ಮುಗಿಸಿ ರಸ್ತೆಗೆ ಬಂದು ನಿಲ್ಲುತ್ತಾರೆ. ಒಳಗೆ ಕೂತಾಗ ಹಿಟ್ಟಿನ ಡಬ್ಬ ನನ್ನ ಎದುರಿಗೇ ಇತ್ತು. ಅವರು ಬಟ್ಟಲನ್ನು ತಳದವರೆಗೆ ಇಳಿಸಿ ಕೆರೆದು ತೆಗೆದದ್ದು ಕೇಳಿಸಿತು. ನಾನು ಹೇಗೆ ಉಣ್ಣಲಿ ದೊಡ್ಡಪ್ಪ? ಹೇಗೆ ಬೇಡವೆನ್ನಲಿ?

ದೊಡ್ಡಪ್ಪ: ಬೇಡವೆನ್ನುವ ಅಧಿಕಾರ ನಿನಗಿರಲಿಲ್ಲ. ಪರಿಕ್ರಮ ನಡೆಯುವವರ ವ್ರತ ಹೇಗೋ ಹಾಗೆ ಬಡಿಸುವವರ ವ್ರತವೂ ಹೌದು. ಅಣೆಕಟ್ಟಿನಿಂದ ಆಕೆಯ ಮನೆ ಹೋಯಿತು, ಹೊಲ ಹೋಯಿತು, ಉಳಿದದ್ದು ಆ ವ್ರತವೊಂದೇ. ನೀನು ಎದ್ದುಬಂದಿದ್ದರೆ ಅದನ್ನೂ ಕಿತ್ತುಕೊಂಡಂತಾಗುತ್ತಿತ್ತು. ಹಣವುಳ್ಳವರು ಉಣ್ಣಬಹುದೇ ಎಂದು ಕೇಳಿದವನು ನಾನೇ. ಈಗ ನಾನೇ ಹೇಳುತ್ತೇನೆ, ಉಣ್ಣಬೇಕು. ಆದರೆ ಉಂಡು ಸುಮ್ಮನಾಗಬಾರದು.

ಮಗಳು: ಉಂಡೆ. ಬದನೆಕಾಯಿಯ ಭರ್ತಾ, ಜೋಳದ ರೊಟ್ಟಿ, ಮಜ್ಜಿಗೆ. ಏಳುವಾಗ ತಟ್ಟೆಯ ಕೆಳಗೆ ನೋಟನ್ನು ಇಡಹೋದ ಕೈಯನ್ನು ಅವರು ಹಿಡಿದುಕೊಂಡರು; ಓಂಕಾರೇಶ್ವರದಲ್ಲಿ ಮುಗಿಸಿ ಕನ್ಯಾಭೋಜನ ಮಾಡಿಸುವೆಯಲ್ಲ, ಆಗ ನನ್ನ ಹೆಸರಿನಲ್ಲಿ ಒಂದು ಮಗುವಿಗೆ ಬಡಿಸು, ಅಷ್ಟೇ ಸಾಕೆಂದರು. ಅಲ್ಲಿಂದ ಮುಂದೆ ಯಾರು ಏನು ಕೊಟ್ಟರೂ ಹೆಸರನ್ನು ಕೇಳಿ ಬರೆದುಕೊಳ್ಳುತ್ತ ಹೋದೆ. ಆಶ್ರಮದವರು ಮೊಹರು ಒತ್ತುತ್ತಿದ್ದ ಪುಸ್ತಕದ ಹಿಂಬದಿಯಲ್ಲೇ ಆ ಹೆಸರುಗಳು ತುಂಬಿದವು. ಒಬ್ಬಳೇ ಹೊರಟಿದ್ದರಿಂದಲೇ ಇದು ಹೀಗಾಯಿತೆಂದು ನನ್ನ ನಂಬಿಕೆ. ಗುಂಪಿನಲ್ಲಿ ಹೋಗುವವರ ಹಿಂದೆ ಅಡುಗೆಯ ವಾಹನ ಬರುತ್ತದೆ. ಅವರು ಯಾರಿಗೂ ಋಣಿಗಳಲ್ಲ. ಒಂಟಿಯಾದವಳು ನೀರಿಗೂ, ನೆರಳಿಗೂ, ಮಲಗುವ ಮೂಲೆಗೂ ಪರರನ್ನೇ ನೆಚ್ಚಬೇಕು. ಏಕಾಂತವನ್ನು ಅರಸಿ ಹೋದವಳಿಗೆ ಅಷ್ಟೊಂದು ಜನ ಸಿಕ್ಕಿದ್ದು ಅದರಿಂದ.

ದೊಡ್ಡಪ್ಪ: ಒಂಟಿ ಹೆಣ್ಣೆಂದು ಭಯವಾಗಲಿಲ್ಲವೇ? ನಿನ್ನ ತಾಯಿ ಆ ತಿಂಗಳುಗಳಲ್ಲಿ ನಿದ್ದೆ ಮಾಡಿದ್ದು ಕಡಿಮೆ.

ಮಗಳು: ಎಚ್ಚರವಿತ್ತು. ಹೊತ್ತು ಮುಳುಗುವುದಕ್ಕೆ ಬಹಳ ಮೊದಲೇ ನಿಲ್ಲುತ್ತಿದ್ದೆ. ಆಶ್ರಮದಲ್ಲಿ ಹೆಂಗಸರಿಲ್ಲದಿದ್ದರೆ ಊರೊಳಗಿನ ಮನೆಯೊಂದನ್ನು ಕೇಳಿಕೊಳ್ಳುತ್ತಿದ್ದೆ. ಅಮ್ಮನಿಗೆ ದಿನವೂ ಊರಿನ ಹೆಸರು ತಿಳಿಸುತ್ತಿದ್ದೆ. ಮುಖ್ಯರಸ್ತೆಯಲ್ಲಿ ಮೈಗೆ ಒರೆಸಿಕೊಂಡು ಹೋಗುವ ಲಾರಿಗಳ ಭಯವೇ ಮನುಷ್ಯರ ಭಯಕ್ಕಿಂತ ಹೆಚ್ಚಾಗಿತ್ತು. ಮತ್ತೆ, ಆ ನದಿಯೂ ಒಂಟಿಯೇ ಅಲ್ಲವೇ? ಶೋಣಭದ್ರನಿಗೆ ಗೊತ್ತಾಗಿದ್ದವಳು ಅವನು ಜೋಹಿಲೆಯನ್ನು ಮೆಚ್ಚಿದನೆಂದು ತಿಳಿದು, ಮುಖ ತಿರುಗಿಸಿ, ಮದುವೆಯನ್ನೇ ಒಲ್ಲದೆ ಪಡುವಣಕ್ಕೆ ಹೊರಟಳೆಂದು ಅಮರಕಂಟಕದಲ್ಲಿ ಪ್ರತಿಯೊಬ್ಬರೂ ಕತೆ ಹೇಳುತ್ತಾರೆ. ಆ ಶೋಣ ನದಿ ಅಲ್ಲಿಯೇ ಸಮೀಪದಲ್ಲಿ ಹುಟ್ಟಿ ಪೂರ್ವದ ಗಂಗೆಗೆ ಹೋಗುತ್ತದೆ. ನರ್ಮದೆ ವಿಂಧ್ಯ ಸಾತಪುಡಾಗಳ ನಡುವಿನ ಬಿರುಕನ್ನು ಹಿಡಿದು ಅದಕ್ಕೆ ವಿಮುಖವಾಗಿ ಹರಿಯುತ್ತದೆ. ಆ ದಾರಿಯ ಹೆಂಗಸರು ನನ್ನನ್ನು ಕಂಡು ಅಯ್ಯೋ ಒಬ್ಬಳೇ ಎಂದು ಮರುಗಿದ್ದು ಕಡಿಮೆ. ಮೈಯಾ ಕೂಡ ಒಬ್ಬಳೇ ಹೋದವಳು ಎಂದವರೇ ಹೆಚ್ಚು.

ದೊಡ್ಡಪ್ಪ: ನಮ್ಮ ಮನೆಯ ಪಂಚಾಯತನದಲ್ಲಿರುವ ಬಾಣಲಿಂಗ ಆ ನದಿಯಿಂದ ಬಂದದ್ದು. ನನ್ನ ಅಜ್ಜ ಅದಕ್ಕೆ ನೀರೆರೆಯುವಾಗ ಪ್ರತಿದಿನವೂ ನದಿಯ ಹೆಸರು ಹೇಳುತ್ತಿದ್ದರು. ಹೆಸರು ಕೇಳಿ ಕೇಳಿಯೇ ನನಗೆ ಹೋಗುವ ಆಸೆ ಹುಟ್ಟಿತು. ಆ ಕಲ್ಲುಗಳು ಈಗಲೂ ಸಿಕ್ಕುತ್ತವೆಯೇ?

ಮಗಳು: ಬಕಾವಾಂ ಎಂಬ ಹಳ್ಳಿಯಲ್ಲಿ ಮನೆಮನೆಯ ಮುಂದೆ ಕಲ್ಲರೆಯುವ ಯಂತ್ರಗಳಿವೆ, ನದಿಯಿಂದ ತಂದ ಕಲ್ಲನ್ನು ತಿರುಗುವ ಚಕ್ಕೆಗೆ ಒತ್ತಿ ಹಿಡಿದು ಲಿಂಗದ ಆಕಾರಕ್ಕೆ ತರುತ್ತಾರೆ. ಕಲ್ಲಿನ ಹುಡಿ ಕುಶಲಕರ್ಮಿಯ ರೆಪ್ಪೆಗಳ ಮೇಲೆ ಬಿಳಿಯಾಗಿ ಕೂತಿರುತ್ತದೆ. ಅಮಾವಾಸ್ಯೆಯ ಚಂದ್ರನ ಗಾತ್ರದಿಂದ ಆಳೆತ್ತರದವರೆಗೆ ಇವೆಯೆಂದು ಒಬ್ಬರು ಹೇಳಿದ್ದು ಕವಿತೆಯಂತಿತ್ತು. ಕಂಡದ್ದಂತೂ ಗುಲಗಂಜಿಯಿಂದ ತೊಡಗಿ ಮಗುವಿನೆತ್ತರದವರೆಗಿನವು.

ದೊಡ್ಡಪ್ಪ: ಮುಗಿಸಿದ ದಿನ?

ಮಗಳು: ದಕ್ಷಿಣದ ದಡದ ಮಮಲೇಶ್ವರನಿಂದ ಹೊರಡುವಾಗ ದ್ವೀಪದ ಓಂಕಾರನನ್ನು ದೂರದಿಂದಲೇ ನೋಡಿದ್ದೆ, ನಡುವಿನ ಕವಲನ್ನು ದಾಟುವಂತಿರಲಿಲ್ಲ. ಸುತ್ತು ಪೂರ್ಣವಾದ ಮೇಲೆ ಸೈಕಲ್ಲನ್ನು ದಡದಲ್ಲೇ ಬಿಟ್ಟು, ಕುಪ್ಪಿಯನ್ನು ಹಿಡಿದು, ಜನಜಂಗುಳಿಯ ನಡುವೆ ಸೇತುವೆಯ ಮೇಲೆ ನಡೆದುಹೋಗಿ ಜಲವನ್ನು ಅರ್ಪಿಸಿದೆ. ಮರುದಿನ ಕಡಾಯಿಯಲ್ಲಿ ಹಲ್ವ ಮಾಡಿಸಿ ಕನ್ಯಾಭೋಜನ. ಪುಸ್ತಕದಲ್ಲಿದ್ದ ಹೆಸರುಗಳೆಷ್ಟೋ ಎಲೆಗಳೂ ಅಷ್ಟೇ ಆಗಬೇಕೆಂದು ಪುರೋಹಿತರಿಗೆ ಹೇಳಿದಾಗ ಅವರು ಬೆರಗಾದರು. ಊರಿನ ಶಾಲೆಗೇ ಹೇಳಿಕಳುಹಿಸಬೇಕಾಯಿತು. ಬಡವಾನಿಯ ರಸ್ತೆಯ ಆ ತಾಯಿಯ ಹೆಸರನ್ನು ಮೊದಲು ಹೇಳಿ, ಮೊದಲ ಎಲೆಗೆ ನಾನೇ ಬಡಿಸಿದೆ.

ದೊಡ್ಡಪ್ಪ: ಇನ್ನು ನಾನು ಪ್ರವಾಸವೆನ್ನುವುದಿಲ್ಲ. ಆದರೂ ದಡದ ಹಂಬಲವನ್ನು ನಾನು ಬಿಡಲಾರೆ. ನಿನ್ನಂತೆ ಇನ್ನೊಬ್ಬಳು ಒಬ್ಬಳೇ ಸೈಕಲ್ಲಿನಲ್ಲಿ ಹೊರಡುತ್ತೇನೆಂದರೆ ಏನು ಹೇಳುವೆ?

ಮಗಳು: ಕಾರ್ತಿಕ ಕಳೆದು, ಎರೆಭೂಮಿ ಒಣಗಿದ ಮೇಲೆ ಹೊರಡು. ಹೆಚ್ಚಿನದೊಂದು ಟಯರನ್ನು ಮಡಚಿ ಕ್ಯಾರಿಯರಿಗೆ ಕಟ್ಟಿಕೋ. ಮುಖ್ಯರಸ್ತೆಗಿಂತ ಹಳ್ಳಿಯ ರಸ್ತೆ ಮೇಲು. ಸಾಧ್ಯವಾದ ದಿನವೆಲ್ಲ ಸಂಜೆ, ಎಷ್ಟೇ ದೂರವಾಗಲಿ, ಎಷ್ಟೇ ದಣಿದಿರಲಿ, ರಸ್ತೆ ಬಿಟ್ಟು ನದಿಯ ದಡಕ್ಕೆ ಇಳಿದು ಅಲ್ಲಿಯೇ ರಾತ್ರಿ ಕಳೆ. ಗಳಿಸಿದ ವೇಗವನ್ನು ಹಾಗೆ ನದಿಗೆ ಹಿಂದಿರುಗಿಸು. ನಿಮ್ಮ ಸಂದೇಹಕ್ಕೆ ನಾನು ದಾರಿಯಲ್ಲಿ ಕಂಡುಕೊಂಡ ಸಮಾಧಾನ ಇಷ್ಟೇ. ಉಳಿದದ್ದು ನೀವು ಹೇಳಬೇಕು. ನೀವು ನಡೆದ ದಡದ ಎಷ್ಟೋ ಊರುಗಳು ಇಂದಿನ ನಕ್ಷೆಯಲ್ಲಿ ಇಲ್ಲ. ಅಲ್ಲೆಲ್ಲ ಬರೀ ನೀಲಿಯಿದೆ. ನೀವು ತಂಗಿದ ಊರುಗಳನ್ನು ಬರೆದಿಟ್ಟಿದ್ದೀರೆಂದು ಅಪ್ಪ ಹೇಳುತ್ತಿದ್ದ.

ದೊಡ್ಡಪ್ಪ: ಬರೆದಿಟ್ಟಿದ್ದೇನೆ, ಯಾರ ಮನೆ, ಏನು ಬಡಿಸಿದರು, ಎಲ್ಲ ಇದೆ. ಅಟ್ಟದ ಪೆಟ್ಟಿಗೆಯಲ್ಲಿದೆ, ತೆಗೆಸುತ್ತೇನೆ. ನಿನ್ನ ನಕ್ಷೆಯನ್ನು ತಾ, ಸೀಸದ ಕಡ್ಡಿಯನ್ನೂ ತಾ. ಬರಗಿಯ ಮೇಲಿನಿಂದ ತೊಡಗೋಣ.